ಕುಲಾಯಿ ಬಿಗಿ, ತಲೆ ಚಿಕ್ಕದು

ಮೊನ್ನೆ ಗುರುವಾರ ಮೊಮ್ಮಗಳಿಗೆ ಮೂರೂವರೆ ತಿಂಗಳ ಲಸಿಕೆ. ಕೊಪ್ಪಳದ ಬಿಸಿಲು ಏರುವ ಮೊದಲೇ ಮುಗಿಸಿಬಿಡೋಣ ಎಂದು ಬೇಗ ಹೊರಟೆವು. ಕುಲಾಯಿ ಹಾಕಲು ಹೋದರೆ ಕಿವಿಯವರೆಗೂ ಇಳಿಯಲೊಲ್ಲದು. ಕಳೆದ ತಿಂಗಳು ನಾನೇ ಹೊಲಿದದ್ದು. ಮಗಳು ಅದನ್ನು ಚೀಲಕ್ಕೆ ತುರುಕಿದಳು.

ಸಿಸ್ಟರ್ ತೂಕ ನೋಡಿ, ತಲೆಗೆ ಟೇಪು ಸುತ್ತಿ, ತಾಯಿ ಕಾರ್ಡಿನಲ್ಲಿ ಬರೆದಿದ್ದ ಹಿಂದಿನ ಅಳತೆಯ ಮೇಲೆ ಬೆರಳಿಟ್ಟರು. "ಹೋದ ಸಲ 38.5, ಈಗ 38. ತಲೆ ಕಡಿಮೆಯಾಗಿದೆಯಲ್ಲ!" ಅಷ್ಟು ಹೇಳಿ ಮುಂದಿನ ಮಗುವನ್ನು ಕರೆದರು.

ತಲೆ ಕಡಿಮೆಯಾಗಿದೆಯಲ್ಲ. ತಲೆಯೇನು ಕಿನ್ನಾಳದ ಗೊಂಬೆಯೇ, ಉಳಿ ಹಿಡಿದು ಕೆತ್ತಿ ಸಣ್ಣದು ಮಾಡಲು? ಆದರೆ ಈ ಮಾತು ಆಗ ನನಗೆ ಹೊಳೆಯಲೇ ಇಲ್ಲ. ಮಗಳ ಮುಖ ಬಿಳಿಚಿತು. ಜೊತೆಗೆ ಬಂದಿದ್ದ ಬೀಗಿತಿ, "ಎಣ್ಣೆ ಹಚ್ಚಿ ತಲೆ ತೀಡಿ ಎಂದು ಬಡಿದುಕೊಂಡೆ, ಕೇಳಿದಿರಾ?" ಎಂದು ನನ್ನನ್ನೇ ದುರುಗುಟ್ಟಿದರು. ಒಳ್ಳೆಯ ಹೆಂಗಸು, ಆದರೆ ಮಗು ಸೀನಿದರೂ ಅದಕ್ಕೆ ತವರುಮನೆಯೇ ಕಾರಣ ಎನ್ನುವವರು.

ಮನೆಗೆ ಬಂದು ನನ್ನ ಟೇಪಿನಿಂದ ಅಳೆದೆ. ಒಮ್ಮೆ 38, ಒಮ್ಮೆ 39, ಮಗು ಕತ್ತು ಹೊರಳಿಸಿದಾಗ 40! ಇಪ್ಪತ್ತೆರಡು ವರ್ಷ ರವಿಕೆ ಹೊಲಿದವಳು ನಾನು. ಎಳೆದೆಳೆದು ಹಿಗ್ಗಿದ ಬಟ್ಟೆಯ ಟೇಪು ಅಳತೆಯನ್ನು ಕಡಿಮೆ ತೋರಿಸುತ್ತದೆ ಎಂದು ಕಲಿಯಲು ಬಂದ ಹುಡುಗಿಯರಿಗೆ ಮೊದಲ ದಿನವೇ ಹೇಳುತ್ತೇನೆ. ಎದೆಯ ಸುತ್ತಳತೆಯನ್ನು ತುಂಬಿದ ಜಾಗದಲ್ಲೇ ತೆಗೆಯಬೇಕು, ಬೆರಳು ಜಾರಿದರೆ ರವಿಕೆ ಕೆಟ್ಟಿತು ಎಂದೂ ಹೇಳುತ್ತೇನೆ. ಆ ಬುದ್ಧಿ ಅಂದು ಎಲ್ಲಿಗೆ ಹೋಗಿತ್ತೋ. ರಾತ್ರಿಯೆಲ್ಲ ಮಗುವಿನ ನೆತ್ತಿಯ ಮಿಡಿತ ನೋಡುತ್ತ ಕುಳಿತೆ.

ಮರುದಿನ ಮಕ್ಕಳ ಡಾಕ್ಟರ ಬಳಿಗೆ ಹೋದೆವು. ಹಿಗ್ಗದ ಟೇಪು ತೆಗೆದು, ಮುಂದೆ ಹುಬ್ಬಿನ ಮೇಲೆ, ಹಿಂದೆ ತಲೆಯ ಅತಿ ಉಬ್ಬಿದ ಭಾಗದ ಮೇಲೆ ಹಾಯಿಸಿ, ಮೂರು ಸಲ ಅಳೆದರು. ಮೂರರಲ್ಲಿ ದೊಡ್ಡದನ್ನು ಬರೆದರು: 39.5. ಹಿಂದಿನ ಟೇಪು ಆ ಉಬ್ಬಿನಿಂದ ಕೆಳಗೆ ಜಾರಿರಬೇಕು ಎಂದರು. ಒಳಗೆ ಮೆದುಳು ಬೆಳೆದಂತೆ ಬುರುಡೆ ಹಿಗ್ಗುತ್ತದೆ, ಮೊದಲ ಮೂರು ತಿಂಗಳು ತಿಂಗಳಿಗೆ ಸುಮಾರು 2 ಸೆಂಟಿಮೀಟರ್, ಆಮೇಲೆ ಆರು ತಿಂಗಳವರೆಗೆ ಸುಮಾರು 1. ಒಂದು ದಿನದ ಅಳತೆಗಿಂತ ತಿಂಗಳಿಂದ ತಿಂಗಳಿಗೆ ಗೆರೆ ಹೇಗೆ ಏರುತ್ತದೆ ಎಂಬುದನ್ನೇ ತಾವು ನೋಡುವುದಂತೆ.

ಸಿಸ್ಟರ್ ಮೇಲೆ ಸಿಟ್ಟಿದೆಯೇ? ಇದೆ, ಸ್ವಲ್ಪ. ಅಂದು ಅವರ ಮುಂದೆ ಅಳುವ ಮಕ್ಕಳ ಸಾಲೇ ಇತ್ತು, ನಿಜ. ಆದರೆ ಇನ್ನೊಮ್ಮೆ ಅಳೆಯಲು ಅರ್ಧ ನಿಮಿಷ ಸಾಕಿತ್ತು. ನನ್ನ ಮೇಲಿನ ಸಿಟ್ಟು ಅದಕ್ಕಿಂತ ಹೆಚ್ಚು. ತಲೆ ಬೆಳೆದಿದೆ ಎಂದು ಬೆಳಿಗ್ಗೆಯೇ ಹೇಳಿದ ಕುಲಾಯಿ ಚೀಲದಲ್ಲಿತ್ತು. ನಾನೋ, ಅದನ್ನು ಬಿಟ್ಟು, ಕಾರ್ಡಿನ ಮೇಲೆ ನೀಲಿ ಪೆನ್ನಿನಲ್ಲಿ ಬರೆದ ಅಂಕಿಯನ್ನು ನಂಬಿದೆ.

ನಿನ್ನೆ ಸಂಜೆ ಅದರ ಹೊಲಿಗೆ ಬಿಚ್ಚಿ ಹೊಸ ಪಟ್ಟಿ ಸೇರಿಸಿದೆ. ಬೀಗಿತಿ ಪಕ್ಕದಲ್ಲೇ ಕುಳಿತು, "ಇನ್ನೂ ಎರಡು ಬೆರಳು ಸಡಿಲ ಬಿಡಿ" ಎಂದರು. ಬಿಟ್ಟೆ.