ತಾಳಮದ್ದಳೆ ಕೂಟದಲ್ಲಿ ನಾಯಕನ ಪಾತ್ರ ಕಟ್ಟುವುದು ಹೇಗೆ?

ಮೇ ಕೊನೆಯ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ನಿಲ್ಲಿಸಿದರೆ ನಮ್ಮ ಕಾಸರಗೋಡಿನ ಕಡೆ ತಾಳಮದ್ದಳೆ ಕೂಟಗಳ ಕಾಲ: ಭಾಗವತರು ಹಾಡಿದ ಪದ್ಯಕ್ಕೆ ಪಾತ್ರಧಾರಿಗಳು ಕೂತಲ್ಲೇ ಮಾತಿನಲ್ಲಿ ಅರ್ಥ ಹೇಳುವ ಯಕ್ಷಗಾನ ಅದು. ಕೂಟದಲ್ಲಿ ಬಣ್ಣವಿಲ್ಲ, ಕಿರೀಟವಿಲ್ಲ. ರಾಮನೂ ಕೌರವನೂ (ದುರ್ಯೋಧನನೂ) ಪಂಚೆ ಶಾಲಿನಲ್ಲೇ ಕೂತಿರುತ್ತಾರೆ. ಜನ ಇವರ ಬೆನ್ನಿಗೆ ಯಾಕೆ ನಿಂತರು ಎಂಬುದನ್ನು ಬರೀ ಮಾತಿನಲ್ಲೇ ತೋರಿಸಬೇಕು. ಹೊಸ ಅರ್ಥಧಾರಿಗಳು, ಅಂದರೆ ಅರ್ಥ ಹೇಳುವವರು, ಎಡವುವುದು ಇಲ್ಲಿ: ಪಾತ್ರದ ಮೊದಲ ಮಾತಾದ ಪೀಠಿಕೆಯಲ್ಲೇ ಕುಲ, ಬಿರುದು, ಪರಾಕ್ರಮ ಎಲ್ಲ ತಾವೇ ಹೇಳಿ ಮುಗಿಸುತ್ತಾರೆ. ನಾಯಕನ ವರ್ಚಸ್ಸು ಎದುರಿನವನ ಬಾಯಲ್ಲಿ ಬರಬೇಕಾದದ್ದು.

ಯಕ್ಷಗಾನದ ರಾಮಾಯಣ ಪ್ರಸಂಗಗಳ ಕವಿ ಪಾರ್ತಿಸುಬ್ಬನ ಊರಿನವರಿಗೆ ರಾಮಾಯಣದ ಕಥೆ ಹೇಳಬೇಕಾಗಿಲ್ಲ. ಆದರೂ ವಿಭೀಷಣ ಶರಣಾಗತಿಯನ್ನು ವಾಲ್ಮೀಕಿಯಲ್ಲಿ ಒಮ್ಮೆ ನಿಧಾನವಾಗಿ ನೋಡಿ. ನಾಲ್ವರು ಸಂಗಡಿಗರೊಂದಿಗೆ ವಿಭೀಷಣ ಬಂದಿದ್ದಾನೆ. ಸುಗ್ರೀವ ಕೊಲ್ಲೋಣ ಎನ್ನುತ್ತಾನೆ. ರಾಮ ತೀರ್ಪು ಕೊಡುವುದಿಲ್ಲ, ಉಳಿದವರನ್ನು ಕೇಳುತ್ತಾನೆ. ಅಂಗದ ಪರೀಕ್ಷಿಸೋಣ ಅಂದರೆ, ಶರಭ ಗೂಢಚಾರನನ್ನು ಕಳಿಸೋಣ ಅನ್ನುತ್ತಾನೆ. ಜಾಂಬವಂತನಿಗೆ ಅನುಮಾನ. ಹನುಮಂತನೊಬ್ಬ ಸೇರಿಸಿಕೊಳ್ಳೋಣ ಎಂದಾದ ಮೇಲೆಯೇ ರಾಮನ ಮಾತು. ಸುಗ್ರೀವ ಮತ್ತೂ ತಕರಾರು ತೆಗೆಯುತ್ತಾನೆ. ಅದಕ್ಕೂ ಉತ್ತರ ಕೊಟ್ಟು, ಕೊನೆಗೆ ‘ಅಭಯ ಕೊಟ್ಟಾಯಿತು, ನೀನೇ ಕರೆದುಕೊಂಡು ಬಾ’ ಎಂದು ಅದೇ ಸುಗ್ರೀವನಿಗೆ ಹೇಳುತ್ತಾನೆ. ಬೇಡ ಅಂದವನ ಕೈಯಲ್ಲೇ ಕೆಲಸ! ಕೂಟದ ರಾಮ ಮೊದಲ ಪದ್ಯಕ್ಕೇ ಅರ್ಧ ಗಂಟೆ ಶರಣಾಗತಿ ತತ್ತ್ವ ಬಿಡಿಸಿದರೆ ಇದೆಲ್ಲ ಹೋಯಿತು. ಸುಗ್ರೀವನಿಗೆ ತಲೆಯಾಡಿಸುವುದೊಂದೇ ಉಳಿಯುತ್ತದೆ.

ಕೌರವನದು ಇನ್ನೂ ಕಷ್ಟ. ಅವನನ್ನು ಬರೀ ಖಳನಾಗಿ ಅರಚಿಸಿದರೆ ಹನ್ನೊಂದು ಅಕ್ಷೌಹಿಣಿ ಸೇನೆ ಅವನ ಕಡೆ ಬಂದದ್ದಕ್ಕೆ ಕಾರಣವೇ ಸಿಗುವುದಿಲ್ಲ. ಪಾಂಡವರಿಗೆ ಇದ್ದದ್ದು ಏಳು. ನಕುಲ ಸಹದೇವರ ಸೋದರಮಾವ ಶಲ್ಯ ಹೊರಟದ್ದೂ ಪಾಂಡವರ ಕಡೆಗೇ. ದಾರಿಯುದ್ದಕ್ಕೂ ಬಿಡಾರ ಕಟ್ಟಿಸಿ ಉಪಚಾರ ಮಾಡಿದ್ದು ಕೌರವ. ಯುಧಿಷ್ಠಿರನ ಜನ ಮಾಡಿದ್ದೆಂದು ಭಾವಿಸಿದ ಶಲ್ಯ ಬಹುಮಾನ ಕೊಡಲು ಹೊರಟಾಗ ಕೌರವ ಎದುರು ಬಂದು ನಿಂತು ತನ್ನ ಕಡೆಗೆ ಬಾ ಎಂದ, ಶಲ್ಯ ಒಪ್ಪಬೇಕಾಯಿತು. ಆತಿಥ್ಯಕ್ಕೆ ಆಳು ಸಿಕ್ಕಿದ, ಮನಸ್ಸು ಸಿಗಲಿಲ್ಲ.

ಇದರ ಬಿಸಿ ತಟ್ಟುವುದು ಕರ್ಣಪರ್ವದಲ್ಲಿ. ಸೂತಪುತ್ರ ಕರ್ಣನಿಗೆ ಸಾರಥಿಯಾಗು ಎಂದು ಕೌರವ ಕೇಳಿದಾಗ ಶಲ್ಯ ಸಿಟ್ಟಾಗಿ ಸಭೆಯಿಂದ ಎದ್ದೇಬಿಡುತ್ತಾನೆ. ಇಲ್ಲಿ ಕೌರವ ದನಿ ಏರಿಸಬಾರದು. ತಡೆದು, ಗೌರವ ತೋರಿಸಿ, ನೀನು ಕೃಷ್ಣನಿಗಿಂತಲೂ ಮೇಲು ಅನ್ನಬೇಕು. ಈ ಮಾತನ್ನು ಪೀಠಿಕೆಯಲ್ಲೇ ಖರ್ಚು ಮಾಡಿದರೆ ಶಲ್ಯ ಏಳುವ ಹೊತ್ತಿಗೆ ಕೈಯಲ್ಲಿ ಏನೂ ಇರುವುದಿಲ್ಲ. ತ್ರಿಪುರ ದಹನದಲ್ಲಿ ಶಿವನಿಗೆ ಬ್ರಹ್ಮ ಸಾರಥಿಯಾದ ಕಥೆಯನ್ನೂ ಇಲ್ಲೇ ತರಬೇಕು, ಐದು ನಿಮಿಷ ಸಾಕು.

ಒಪ್ಪುವಾಗ ಶಲ್ಯ ಒಂದು ಷರತ್ತು ಹಾಕುತ್ತಾನೆ: ಕರ್ಣನೆದುರು ನನಗೆ ತೋಚಿದ್ದು ಆಡುತ್ತೇನೆ. ಹೊತ್ತಾಯಿತೆಂದು ಭಾಗವತರು ಪದ್ಯ ಬಿಟ್ಟರೂ ಶಲ್ಯನ ಅರ್ಥಧಾರಿ ಇದನ್ನು ಬಿಡಬಾರದು. ಕೌರವನೂ ಕರ್ಣನೂ ಹೂಂಗುಟ್ಟದೆ ಹೋದರೆ, ಮುಂದೆ ರಥದಲ್ಲಿ ಶಲ್ಯ ಚುಚ್ಚುವುದೆಲ್ಲ ಸುಮ್ಮನೆ ಅಧಿಕಪ್ರಸಂಗವಾಗಿ ಕೇಳಿಸುತ್ತದೆ.