ಬಿಚ್ಚಿ ನೋಡೋಣ ಇರಿ ಅಕ್ಕ

ಈ ವಾರ ಚಾರ್ಮಾಡಿಯಲ್ಲಿ ಮಳೆ ಹೇಗಿದೆ ಅಂತ ಚಿಕ್ಕಮಗಳೂರಿನವರಿಗೆ ಹೇಳಬೇಕಾಗಿಲ್ಲ. ಭಾನುವಾರ ಸಂಜೆ ಅಮ್ಮನೂ ನಾನೂ ಉಜಿರೆಯಿಂದ ವಾಪಸ್ ಬರುತ್ತಿದ್ದೆವು. ಘಾಟಿ ಹತ್ತುವಾಗ ನಮ್ಮ 2004ರ ಜೆನ್ ಕಾರಿನ ಡ್ಯಾಶ್‌ಬೋರ್ಡ್ ಒಳಗೆ ಕಟಕಟ ಸದ್ದು ಶುರುವಾಯಿತು. ಸ್ವಲ್ಪ ಹೊತ್ತಿಗೆ ಬ್ಲೋಯರ್, ಅಂದರೆ ಹೀಟರ್ ಮತ್ತು ಎ.ಸಿ. ಗಾಳಿ ಊದುವ ಫ್ಯಾನಿನ ಗಾಳಿಯೇ ನಿಂತಿತು. ಮೋಟರ್ ಮಾತ್ರ ಗುಂಯ್ ಅನ್ನುತ್ತಲೇ ಇತ್ತು.

ಅಣ್ಣಪ್ಪ ಸ್ವಾಮಿ ಗುಡಿ ದಾಟುವಷ್ಟರಲ್ಲಿ ಮುಂದಿನ ಗಾಜು ಪೂರ್ತಿ ಮಂಜು. ಹೊರಗೆ ವೈಪರ್ ಓಡುತ್ತಿದೆ, ಒಳಗೆ ನಮ್ಮದೇ ಉಸಿರು ತಣ್ಣನೆ ಗಾಜಿಗೆ ಅಂಟುತ್ತಿದೆ. ಎದುರಿಂದ ಬಸ್ಸು ಬಂದರೆ ಅದರ ಲೈಟು ಗಾಜಿನ ತುಂಬ ಹರಡಿ ರಸ್ತೆಯ ಅಂಚೇ ಕಾಣುತ್ತಿರಲಿಲ್ಲ. ಅಮ್ಮ ಸೆರಗಿನಿಂದ ಗಾಜು ಒರೆಸುತ್ತಲೇ ಕೂತಿದ್ದರು. ಕೊಟ್ಟಿಗೆಹಾರ ಬರುವವರೆಗೂ ನನ್ನ ಕೈ ನಡುಗುತ್ತಿತ್ತು.

ಹೀಟರ್ ಅಂದರೆ ಬರೀ ಬೆಚ್ಚಗಿರಲು ಅಂತ ಬಯಲುಸೀಮೆಯ ನೆಂಟರು ಅಂದುಕೊಳ್ಳುತ್ತಾರೆ. ಮಳೆಗಾಲದಲ್ಲಿ ಇಲ್ಲಿ ಅದು ಕಣ್ಣಿನ ಕೆಲಸ ಮಾಡುತ್ತದೆ. ಎ.ಸಿ. ಗಾಳಿಯ ತೇವ ತೆಗೆಯುತ್ತದೆ, ಇಂಜಿನ್ನಿನ ಬಿಸಿನೀರು ಹರಿಯುವ ಹೀಟರ್ ಆ ಗಾಳಿಯನ್ನು ಬೆಚ್ಚಗೆ ಮಾಡುತ್ತದೆ. ಅದನ್ನು ಗಾಜಿಗೆ ತಳ್ಳುವ ಫ್ಯಾನೇ ನಿಂತರೆ ಎರಡೂ ಇದ್ದು ಏನು ಬಂತು?

ಮರುದಿನ ಒಂದು ದೊಡ್ಡ ವರ್ಕ್‌ಶಾಪಿಗೆ ಹೋದೆ. ಇಸ್ತ್ರಿ ಅಂಗಿಯ ಹುಡುಗ ಸ್ವಿಚ್ ತಿರುಗಿಸಿದ, ಅಷ್ಟೇ. "ಹಳೇ ಗಾಡಿ ಅಲ್ವಾ ಮೇಡಂ, ಬ್ಲೋಯರ್ ಸೆಟ್ಟೇ ಹೋಗಿದೆ. ಪಾರ್ಟ್ ಸಿಗಲ್ಲ, ಕೊಟ್ಬಿಡಿ" ಅಂದ. ಒಂದು ಸ್ಕ್ರೂ ಕೂಡ ಬಿಚ್ಚಿರಲಿಲ್ಲ. ಒಳ್ಳೆಯ ಹುಡುಗನೇ ಇರಬಹುದು. ಆದರೆ ನೋಡದೆ ತೀರ್ಮಾನ ಹೇಳುವುದನ್ನು ಅವನಿಗೆ ಯಾರೋ ಕಲಿಸಿದ್ದಾರೆ. ಅದು ನನಗೆ ತುಂಬಾ ಬೇಸರ ತಂದಿತು.

ಐ.ಜಿ. ರಸ್ತೆಯ ಹತ್ತಿರ ಒಬ್ಬ ವಯಸ್ಸಾದ ಆಟೋ ಎಲೆಕ್ಟ್ರಿಷಿಯನ್ ಇದ್ದಾರೆ. ವರ್ಕ್‌ಶಾಪಿನವರು ಹೇಳಿದ್ದನ್ನು ಅವರಿಗೂ ಹೇಳಿದೆ. ಅವರು ಕಿವಿಯನ್ನು ಡ್ಯಾಶ್‌ಬೋರ್ಡಿಗೆ ಹತ್ತಿರ ಇಟ್ಟು ಸದ್ದು ಕೇಳಿದರು. ತಕ್ಷಣ ಸ್ವಿಚ್ ಆಫ್ ಮಾಡಿಸಿದರು. ಗಾಳಿ ಓಡದೆ ಕರೆಂಟ್ ಹರಿದರೆ ಸ್ಪೀಡ್ ಕಡಿಮೆ ಮಾಡುವ ರೆಸಿಸ್ಟರ್ ಕಾದು ಸುಡುತ್ತದಂತೆ. ಅದನ್ನು ತಂಪಾಗಿಡುವುದೂ ಅದೇ ಗಾಳಿ. ಆಮೇಲೆ, "ಬಿಚ್ಚಿ ನೋಡೋಣ ಇರಿ ಅಕ್ಕ" ಅಂದರು.

ಬ್ಯಾಟರಿ ವೈರ್ ತೆಗೆದು, ಎಡಗಡೆ ಗ್ಲೋವ್ ಬಾಕ್ಸ್ ಬಿಚ್ಚಿ, ಮೋಟರನ್ನು ಕೆಳಗಿಂದ ಇಳಿಸಿದರು. ಜೊತೆಗೆ ಒಣಗಿದ ಸಿಲ್ವರ್ ಓಕ್ ಎಲೆಗಳೂ ಬಿದ್ದವು. ತೋಟದ ದಾರಿಯಲ್ಲಿ ನಿಲ್ಲಿಸುವ ಕಾರು, ವೈಪರ್ ಕೆಳಗಿನ ಜಾಲರಿಯಿಂದ ಒಳಗೆ ಹೋಗಿದ್ದವು. ಎಲೆ ಸಿಕ್ಕಿ ಫ್ಯಾನ್ ಅದುರಿದೆ, ಅದುರಿ ಅದುರಿ ಶಾಫ್ಟಿನ ತುದಿಯ ನಟ್ಟು ಸಡಿಲವಾಗಿದೆ. ಶಾಫ್ಟ್ ತಿರುಗುತ್ತಿತ್ತು, ಫ್ಯಾನ್ ನಿಂತಿತ್ತು. "ಮೋಟರ್ ಚೆನ್ನಾಗೇ ಇದೆ, ಫ್ಯಾನ್ ಹಿಡ್ಕೊಂಡಿಲ್ಲ ಅಷ್ಟೇ."

ಬ್ರಷ್‌ನಿಂದ ಒಂದೊಂದು ರೆಕ್ಕೆಯನ್ನೂ ಉಜ್ಜಿದರು. ರೆಕ್ಕೆಗೆ ಸಿಕ್ಕಿಸಿದ್ದ ಪುಟ್ಟ ಕ್ಲಿಪ್ಪನ್ನು ಕಸ ಅಂತ ನಾನು ತೆಗೆಯಲು ಹೋದಾಗ ಕೈ ತಡೆದರು. ಅದು ತೂಕ ಸರಿದೂಗಿಸಲು ಇರುವುದು, ತೆಗೆದರೆ ಮತ್ತೆ ಅದುರುತ್ತದೆ. ಸ್ಪ್ರಿಂಗ್ ವಾಷರ್ ಹಾಕಿ ನಟ್ಟು ಬಿಗಿ ಮಾಡಿದರು. ಕೈಯಲ್ಲೇ ಫ್ಯಾನ್ ತಿರುಗಿಸಿ, ಎಲ್ಲೂ ತಾಗುತ್ತಿಲ್ಲ ಅಂತ ನೋಡಿಯೇ ಮತ್ತೆ ಕೂರಿಸಿದರು. ಮುನ್ನೂರು ರೂಪಾಯಿ ತೆಗೆದುಕೊಂಡರು. ಜಾಸ್ತಿ ಕೊಡಲು ಹೋದರೆ ಬೇಡ ಅಂದರು.

ಅವತ್ತಿನಿಂದ ಆ ಎರಡು ಮಾತು ತಲೆಯಲ್ಲೇ ಇವೆ. ಹಳೇ ಗಾಡಿ ಅಲ್ವಾ. ಬಿಚ್ಚಿ ನೋಡೋಣ ಇರಿ. ಅಮ್ಮನಿಗೆ ಒಂದು ವರ್ಷದಿಂದ ಎಡಗಿವಿ ಸರಿಯಾಗಿ ಕೇಳಿಸುತ್ತಿಲ್ಲ. ತೋರಿಸಿದ ಡಾಕ್ಟರ್ ಕಿವಿಯೊಳಗೆ ಬೆಳಕು ಕೂಡ ಬಿಡಲಿಲ್ಲ. "ಎಪ್ಪತ್ತಾಯ್ತಲ್ಲ ಅಮ್ಮ, ಇನ್ನೇನು" ಅಂದರು. ಅಮ್ಮ ಸುಮ್ನೆ ತಲೆಯಾಡಿಸಿ ಎದ್ದು ಬಂದರು. ಆಮೇಲೆ ಫೋನಿನಲ್ಲಿ ಮಾತಾಡುವುದನ್ನೇ ಕಡಿಮೆ ಮಾಡಿದರು. ಅಕ್ಕನ ಜೊತೆ ದಿನಾ ಅರ್ಧ ಗಂಟೆ ಮಾತಾಡುತ್ತಿದ್ದವರು ಈಗ ಫೋನ್ ನನ್ನ ಕೈಗೆ ಕೊಡುತ್ತಾರೆ. ಕಿವಿಯಲ್ಲಿ ಗುಗ್ಗೆ ಕಟ್ಟಿದ್ದರೂ ಕೇಳಿಸುವುದಿಲ್ಲ, ಅದನ್ನು ತೆಗೆದರೆ ಸರಿಹೋಗುತ್ತದೆ. ಬೇರೆ ಏನಾದರೂ ಇರಲೂಬಹುದು. ನೋಡಿದರೆ ತಾನೇ ಗೊತ್ತಾಗುವುದು?

ಹಾಸನದಲ್ಲಿ ಒಬ್ಬ ಕಿವಿ ಡಾಕ್ಟರ್ ಸಮಾಧಾನವಾಗಿ ನೋಡುತ್ತಾರೆ ಅಂತ ಗೆಳತಿ ಹೇಳಿದಳು. ಶುಕ್ರವಾರ ಬೆಳಿಗ್ಗೆಗೆ ಹೆಸರು ಬರೆಸಿದ್ದೇನೆ. ಅಮ್ಮ ಬೇಡ ಅನ್ನುತ್ತಲೇ ಯಾವ ಸೀರೆ ಉಡಲಿ ಅಂತ ಕೇಳಿದರು.