ಮೂರನೆಯವನ ಹೆಜ್ಜೆ

ನಾಲ್ವರು ಉದ್ದನೆಯ ಕಾರಿಡಾರಿನಲ್ಲಿ ಕ್ಯಾಮೆರಾದತ್ತ ನಡೆದು ಬರುತ್ತಾರೆ. ಹದಿನೆಂಟು ಸೆಕೆಂಡಿನ ಶಾಟ್, ಮಾತಿಲ್ಲ. ಶೂಟಿಂಗ್ ದಿನದ ಸೌಂಡಿನಲ್ಲಿ ಜನರೇಟರಿನ ಗುಂಯ್ ಬಿಟ್ಟರೆ ಬೇರೇನೂ ಸಿಕ್ಕಿರಲಿಲ್ಲ. ಹೆಜ್ಜೆ ಸಪ್ಪಳವನ್ನು ಹೊಸದಾಗಿ ಕೂರಿಸುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ಕಿರುಚಿತ್ರದ ಹುಮ್ಮಸ್ಸು. ಮಧ್ಯಾಹ್ನದೊಳಗೆ ಮುಗಿಸಿಬಿಡ್ತೀನಿ ಅಂದುಕೊಂಡಿದ್ದೆ.

ಮೊದಲನೆಯವನಿಗೆ ಗಟ್ಟಿ ಅಟ್ಟೆಯ ಬೂಟು. ನಾನೇ ಹಾಕಿಕೊಂಡು, ಮೈಕನ್ನು ಮೊಣಕಾಲೆತ್ತರಕ್ಕೆ ಇಟ್ಟು, ಪರದೆ ನೋಡುತ್ತ ನಿಂತಲ್ಲೇ ನಡೆದೆ. ಆಮೇಲೆ ಟೈಮ್‌ಲೈನಿನಲ್ಲಿ ಒಂದೊಂದೇ ಹೆಜ್ಜೆ ಕತ್ತರಿಸಿ, ಹಿಮ್ಮಡಿ ನೆಲ ಮುಟ್ಟುವ ಫ್ರೇಮಿಗೆ ಸರಿಸಿದೆ. ಎರಡು ಮೂರು ಫ್ರೇಮ್ ಹಿಂದೆಮುಂದಾದರೂ ಸಾಕು, ಅವನು ಬೇರೆ ಯಾರದೋ ಕಾಲಲ್ಲಿ ನಡೆಯುತ್ತಿದ್ದಾನೆ ಅನಿಸುತ್ತದೆ. ಎರಡನೆಯವನೂ ಹೀಗೇ ಮುಗಿಯುವಷ್ಟರಲ್ಲಿ ಸಂಜೆ. ಮೂರನೆಯವನದು ಚಪ್ಪಲಿ. ಸದ್ದನ್ನು ಚಿತ್ರಕ್ಕೆ ಹೊಂದಿಸಿ ಸಿಂಕ್ ಮಾಡುತ್ತೇನೆ, ಪ್ಲೇ ಮಾಡುತ್ತೇನೆ, ಸರಿಯಿದೆಯೋ ಇಲ್ಲವೋ ತಿಳಿಯದು. ಬೇಕೆಂದೇ ಕೆಡಿಸಿ ನೋಡಿದೆ, ಆಗಲೂ ಗೊತ್ತಾಗಲಿಲ್ಲ. ಕಿವಿ ಸೋತಿದೆ ಅಂತ ಹೆಡ್‌ಫೋನ್ ತೆಗೆದಿಟ್ಟೆ.

ಆ ಹೊತ್ತಿಗೆ ಬಂದ ಎಡಿಟರ್ ಗೆಳೆಯ ನೋಡಿ ನಕ್ಕ. "ಮೂರನೆಯವನಿಗೆ ಯಾಕಯ್ಯಾ ಒದ್ದಾಡ್ತೀಯ? ಮರ್ಚ್ ಅದನ್ನ ಐವತ್ತು ವರ್ಷದ ಹಿಂದೆಯೇ ಬಿಟ್ಟಿದ್ದಾನೆ."

ವಾಲ್ಟರ್ ಮರ್ಚ್. ಹಾಲಿವುಡ್‌ನಲ್ಲಿ 'ಸೌಂಡ್ ಡಿಸೈನ್' ಎಂಬ ಮಾತಿಗೆ ತೂಕ ಬಂದದ್ದು 1979ರ 'ಅಪೋಕ್ಯಾಲಿಪ್ಸ್ ನೌ' ಚಿತ್ರಕ್ಕೆ ಅವರು ಮಾಡಿದ ಕೆಲಸದಿಂದ. 'ದಿ ಇಂಗ್ಲಿಷ್ ಪೇಷೆಂಟ್' ಚಿತ್ರದ ಎಡಿಟಿಂಗಿಗೊಂದು, ಸೌಂಡಿಗೊಂದು ಆಸ್ಕರ್ ಪಡೆದವರು. ಇಷ್ಟು ನನಗೂ ಗೊತ್ತಿತ್ತು. ಗೊತ್ತಿಲ್ಲದ್ದು ರೋಬಾಟುಗಳ ಕಥೆ. ಜಾರ್ಜ್ ಲ್ಯೂಕಸ್ ನಿರ್ದೇಶಿಸಿದ, 1971ರಲ್ಲಿ ಬಂದ 'ಟಿಎಚ್‌ಎಕ್ಸ್ 1138'ರಲ್ಲಿ ರೋಬಾಟ್ ಪೊಲೀಸರಿದ್ದಾರೆ. ಅವರ ಹೆಜ್ಜೆಗಾಗಿ ಮರ್ಚ್ ಲೋಹದ ಪಾದರಕ್ಷೆ ಕಟ್ಟಿಕೊಂಡು ತಾವೇ ನಡೆದು ರೆಕಾರ್ಡ್ ಮಾಡಿದರು. ಕೂರಿಸುವಾಗ ಕಂಡದ್ದು ಇದು: ಒಂದು ರೋಬಾಟ್ ಇದ್ದರೆ ಹೆಜ್ಜೆ ಸಿಂಕ್ ಆಗಲೇಬೇಕು, ಎರಡಿದ್ದರೂ ಆಗಬೇಕು. ಮೂರಾದರೆ ಯಾವ ಹೆಜ್ಜೆ ಎಲ್ಲಿ ಬಿದ್ದರೂ ನಡೆಯುತ್ತದೆ, ಏಕೆಂದರೆ ಮನಸ್ಸು ಆಗ ಒಬ್ಬೊಬ್ಬರನ್ನು ಲೆಕ್ಕ ಹಾಕುವುದನ್ನು ಬಿಟ್ಟು ಗುಂಪನ್ನು ಕೇಳತೊಡಗುತ್ತದೆ. ಇದಕ್ಕೆ ಅವರು 'ಎರಡೂವರೆಯ ನಿಯಮ' ಅಂತ ಹೆಸರಿಟ್ಟರು.

ನನ್ನ ಕಿವಿ ಸೋತಿರಲಿಲ್ಲ, ಪಾಪ. ಅದು ಸರಿಯಾಗಿಯೇ ಕೆಲಸ ಮಾಡುತ್ತಿತ್ತು.

ಗೆಳೆಯ ಚಪ್ಪಲಿಯ ಟೇಕನ್ನು ಕತ್ತರಿಸದೆ ಹಾಗೇ ಎಳೆದು ಹಾಕಿದ. ನಾಲ್ಕನೆಯವನಿಗೆ ನನ್ನದೇ ಹಳೆಯ ಬೂಟಿನ ಟೇಕ್, ಕೊಂಚ ತಡವಾಗಿ. ಎರಡು ನಿಮಿಷದ ಕೆಲಸ. ಶಾಟಿನ ಕೊನೆಗೆ ಇಬ್ಬರು ಪಕ್ಕದ ಬಾಗಿಲಿಗೆ ತಿರುಗಿ ಉಳಿದಿಬ್ಬರೇ ಮುಂದೆ ಬರುತ್ತಾರಲ್ಲ, ಅಲ್ಲಿ ಮಾತ್ರ "ಈಗ ಹುಷಾರು" ಅಂದ. ಅಲ್ಲಿ ಒಂದು ಹೆಜ್ಜೆ ಜಾರಿದ್ದು ತಕ್ಷಣ ಕಣ್ಣಿಗೆ ಹೊಡೆಯಿತು.

ಅಂದು ರಾತ್ರಿ 'ದಿ ಗಾಡ್‌ಫಾದರ್'ನ ಹೋಟೆಲ್ ದೃಶ್ಯ ಮತ್ತೆ ಹಾಕಿಕೊಂಡೆ. ಮೈಕಲ್ ಗುಂಡು ಹಾರಿಸುವ ಮುನ್ನ ರೈಲಿನ ಕಿರುಗುಟ್ಟುವಿಕೆ ಏರುತ್ತ ಹೋಗುತ್ತದೆ, ಆ ದೃಶ್ಯದಲ್ಲಿ ರೈಲೇ ಕಾಣುವುದಿಲ್ಲ. ಅದೂ ಮರ್ಚ್ ಕೆಲಸವೇ. ಎಷ್ಟು ಸಲ ನೋಡಿದ್ದೆನೋ, ರೈಲು ಕೇಳಿಸಿದ್ದು ಅಂದೇ.

ವಾರ ಬಿಟ್ಟು ನಿರ್ದೇಶಕರಿಗೆ ತೋರಿಸಿದೆವು. ಕಾರಿಡಾರ್ ಶಾಟ್ ಎರಡು ಸಲ ನೋಡಿದರು. "ಚೆನ್ನಾಗಿದೆ ಕಣಯ್ಯಾ. ಅದರಲ್ಲೂ ಆ ಚಪ್ಪಲಿಯವನದು, ಒಂದೊಂದು ಹೆಜ್ಜೆಯೂ ಕರೆಕ್ಟಾಗಿ ಕೂತಿದೆ" ಅಂದರು.

ಗೆಳೆಯ ನನ್ನ ಮುಖ ನೋಡಲಿಲ್ಲ.